ಶಾಸಕರು ರಾಯಭಾರಿ ಆಗಬಹುದಾ?

ಪ್ರಶ್ನೆ: ಐಎಫ್‌ಎಸ್‌ (ಭಾರತೀಯ ವಿದೇಶಾಂಗ ಸೇವೆ) ಪರೀಕ್ಷೆ ಬರೆಯದ ಶಾಸಕರೊಬ್ಬರು ರಾಯಭಾರಿ ಆಗಲು ಸಾಧ್ಯವೇ?

ಖಂಡಿತ ಸಾಧ್ಯ. ರಾಯಭಾರಿಗಳಲ್ಲಿ ಹೆಚ್ಚಿನವರು ಐಎಫ್‌ಎಸ್‌ ಅಧಿಕಾರಿಗಳೇ ಆದರೂ, ಹೊರಗಿನವರನ್ನು ಕೇಂದ್ರ ಸರ್ಕಾರ ನೇಮಿಸಬಹುದು. ಹೋಗುವ ದೇಶವೂ ಒಪ್ಪಬೇಕು, ಅಷ್ಟೇ. ಆದರೆ ಶಾಸಕ ಸ್ಥಾನ ಇಟ್ಟುಕೊಂಡೇ ಹೋಗುವ ಹಾಗಿಲ್ಲ. ಸರ್ಕಾರದ ಲಾಭದಾಯಕ ಹುದ್ದೆ ಹಿಡಿದರೆ, ಕಾನೂನು ವಿನಾಯಿತಿ ಕೊಡದ ಹೊರತು, ಸಂವಿಧಾನದ 191ನೇ ವಿಧಿಯಂತೆ ಸದಸ್ಯತ್ವ ಹೋಗುತ್ತದೆ.

ಇದಕ್ಕೆ ವಿಜಯಲಕ್ಷ್ಮಿ ಪಂಡಿತ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನೆಹರೂ ಅವರ ತಂಗಿ ಎಂದಷ್ಟೇ ಅವರನ್ನು ನೆನೆಯುವವರು ಜಾಸ್ತಿ. ಆ ನಂಟಿನಿಂದ ಅನುಕೂಲ ಆಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅವರು 1937ರಲ್ಲೇ ಸಂಯುಕ್ತ ಪ್ರಾಂತ್ಯದ, ಅಂದರೆ ಇಂದಿನ ಉತ್ತರ ಪ್ರದೇಶದ, ಶಾಸನಸಭೆಗೆ ಗೆದ್ದು, ಸ್ಥಳೀಯ ಆಡಳಿತ ಮತ್ತು ಆರೋಗ್ಯ ಖಾತೆ ನೋಡಿಕೊಂಡವರು. ಭಾರತವನ್ನು ಕೇಳದೆ ಬ್ರಿಟನ್ ಯುದ್ಧಕ್ಕೆ ಎಳೆದಾಗ 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಆಮೇಲೆ ಜೈಲು. 1944ರಲ್ಲಿ ಪತಿ ರಣಜಿತ್ ತೀರಿಕೊಂಡರು. ಗಂಡುಮಕ್ಕಳಿಲ್ಲದ ವಿಧವೆಗೆ ಆಗಿನ ಕಾನೂನಿನಲ್ಲಿ ಗಂಡನ ಆಸ್ತಿಯ ಮೇಲೆ ಪೂರ್ಣ ಹಕ್ಕು ಇರಲಿಲ್ಲ.

ಇಷ್ಟೆಲ್ಲ ಕಂಡ ಮೇಲೆ, 1946ರಲ್ಲಿ ಅವರು ಭಾರತದ ನಿಯೋಗದ ನಾಯಕಿಯಾಗಿ ವಿಶ್ವಸಂಸ್ಥೆಗೆ ಹೋದರು. ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರನ್ನು ಕೀಳಾಗಿ ಕಾಣುತ್ತಿದ್ದುದು ವಿಷಯ. ಅದು ನಮ್ಮ ಮನೆಯೊಳಗಿನ ವಿಚಾರ, ನೀವು ಕೇಳಬೇಡಿ ಎಂದು ಆ ದೇಶದ ಪ್ರಧಾನಿ ಸ್ಮಟ್ಸ್ ವಾದಿಸಿದರು. ಭಾರತಕ್ಕೆ ಆಗ ಸ್ವಾತಂತ್ರ್ಯವೂ ಬಂದಿರಲಿಲ್ಲ, ನೋಡಿ. ಆದರೂ 32–15 ಮತಗಳಿಂದ ಭಾರತದ ಪರವಾದ ನಿರ್ಣಯ ಗೆದ್ದಿತು. ಗೆದ್ದ ಮೇಲೆ ಪಂಡಿತ್ ಸ್ಮಟ್ಸ್ ಕುಳಿತಲ್ಲಿಗೇ ಹೋಗಿ, ತನ್ನ ಮಾತು ನೋಯಿಸಿದ್ದರೆ ಕ್ಷಮಿಸಿ ಎಂದು ಕೇಳಿಕೊಂಡರು. ಗಾಂಧೀಜಿ ಹಾಗೆ ನಡೆದುಕೊಳ್ಳುವಂತೆ ಹೇಳಿ ಕಳಿಸಿದ್ದರು. ಎದುರಾಳಿಯ ಜತೆ ಹೀಗೆ ನಡೆದುಕೊಳ್ಳುವುದು ಯಾವ ಪರೀಕ್ಷೆಯಿಂದಲೂ ಬರುವುದಿಲ್ಲ, ಅಲ್ವಾ?

1947ರಲ್ಲಿ ಅವರನ್ನು ಮಾಸ್ಕೋಗೆ ರಾಯಭಾರಿಯಾಗಿ ಕಳಿಸಿದಾಗ ಐಎಫ್‌ಎಸ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿ ಕೆಲಸ ಸುಲಭವಿರಲಿಲ್ಲ. ಸೋವಿಯತ್ ನಾಯಕ ಸ್ಟಾಲಿನ್ ಒಮ್ಮೆಯೂ ಪಂಡಿತ್ ಅವರನ್ನು ಭೇಟಿಯಾಗಲಿಲ್ಲ. 1949ರಲ್ಲಿ ವಾಷಿಂಗ್ಟನ್‌ಗೆ ಹೋದರು. ಭಾರತದಲ್ಲಿ ಅನ್ನಕ್ಕೆ ತತ್ವಾರ ಬಂದಿದ್ದ ಕಾಲ ಅದು. ಕೊರಿಯಾ ಯುದ್ಧದಲ್ಲಿ ಭಾರತದ ನಿಲುವು ಕಂಡು ಅಮೆರಿಕದ ಸಂಸದರು ಸಿಟ್ಟಾಗಿದ್ದರು. ಅಂಥ ಹೊತ್ತಿನಲ್ಲಿ ಧಾನ್ಯ ಕೇಳಬೇಕಿತ್ತು. ಕೊನೆಗೆ 1951ರಲ್ಲಿ, 20 ಲಕ್ಷ ಟನ್ ಧಾನ್ಯ ಕೊಳ್ಳಲು 19 ಕೋಟಿ ಡಾಲರ್ ಸಾಲ ಮಂಜೂರಾಯಿತು.

ರಾಯಭಾರಿಯಾದರೆ ರಾಜಕೀಯ ಮುಗಿಯಿತೇ ಎಂದೂ ಕೆಲವರು ಕೇಳುತ್ತಾರೆ. ಇಲ್ಲ. ಪಂಡಿತ್ 1952ರಲ್ಲಿ ಲೋಕಸಭೆಗೆ ಬಂದರು, 1953ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಮೊದಲ ಮಹಿಳಾ ಅಧ್ಯಕ್ಷರಾದರು. ಆಮೇಲೆ ಲಂಡನ್‌ನಲ್ಲಿ ಹೈಕಮಿಷನರ್ (ಕಾಮನ್‌ವೆಲ್ತ್ ದೇಶಗಳಲ್ಲಿ ರಾಯಭಾರಿಗೆ ಇರುವ ಹೆಸರು), ಮಹಾರಾಷ್ಟ್ರದ ರಾಜ್ಯಪಾಲರು. ನೆಹರೂ ತೀರಿಕೊಂಡ ಮೇಲೆ ತೆರವಾದ ಫುಲ್‌ಪುರ ಕ್ಷೇತ್ರದಲ್ಲಿ 1964ರಲ್ಲಿ ನಿಂತು ಗೆದ್ದರು.