ಬಟ್ಟೆ ಒಗೆಯಲು ಮಧ್ಯಾಹ್ನವೇ ಸರಿ

ವಾಷಿಂಗ್ ಮಷಿನ್ ಬಂದ ಮೇಲೆ ಕರೆಂಟ್ ಬಿಲ್ ಏರಿತು ಎಂಬ ಮಾತು ದಾವಣಗೆರೆಯ ಎಷ್ಟೋ ಮನೆಗಳಲ್ಲಿದೆ. ದೂರು ಮಷಿನ್ನಿನ ಮೇಲೆ. ಆದರೆ ಡ್ರಮ್ ತಿರುಗಿಸುವ ಮೋಟಾರು ಒಂದು ಸಲದ ಒಗೆತಕ್ಕೆ ಸಾಮಾನ್ಯವಾಗಿ ಕಾಲು ಯೂನಿಟ್ಟನ್ನೂ ತಿನ್ನುವುದಿಲ್ಲ. ತಿನ್ನುವುದು ಒಳಗಿನ ಹೀಟರ್.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ನೀರಿನ ಬಿಸಿ ಒಂದು ಡಿಗ್ರಿ ಏರಬೇಕಾದರೆ ಸುಮಾರು 4.2 ಕಿಲೋಜೌಲ್ ಶಕ್ತಿ ಬೇಕು. ಒಂದು ಯೂನಿಟ್ ಕರೆಂಟ್ ಎಂದರೆ 3,600 ಕಿಲೋಜೌಲ್. ಮುಂದೆ ಬಾಗಿಲಿರುವ ಮಷಿನ್ ಸೋಪಿನ ಹಂತದಲ್ಲಿ 20 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಿತು ಎನ್ನಿ, ಅದಕ್ಕೇ 0.8 ಯೂನಿಟ್ ಆಯಿತು. 40 ಡಿಗ್ರಿಗೆ ನಿಲ್ಲಿಸಿದರೆ 0.35. ಕಾಯಿಸದಿದ್ದರೆ ಸೊನ್ನೆ. ಮೇಲೆ ಮುಚ್ಚಳವಿರುವ ಎಷ್ಟೋ ಮಷಿನ್‌ಗಳಲ್ಲಿ ಹೀಟರೇ ಇರುವುದಿಲ್ಲ, ನಿಜ. ಆದರೆ ಅಂಥ ಮನೆಗಳಲ್ಲಿ ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ನೀರು ಕಾಯಿಸಿ ಸುರಿಯುವವರಿದ್ದಾರೆ. ಖರ್ಚು ಅಲ್ಲಿಗೆ ಹೋಯಿತು, ಅಷ್ಟೇ.

ತಿಂಗಳಿಗೆ 15 ಸಲ ಬಿಸಿನೀರಲ್ಲಿ ಒಗೆದರೆ 12 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 72 ರೂಪಾಯಿ. ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕೇ ಎನಿಸಬಹುದು. ಗೃಹಜ್ಯೋತಿ ಇರುವ ಮನೆಗೆ ಲೆಕ್ಕ ಬೇರೆ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು. 190ರಲ್ಲಿ ನಿಲ್ಲಬೇಕಿದ್ದ ಮೀಟರ್ ಬಿಸಿನೀರಿನ ಆ 12 ಯೂನಿಟ್ಟಿನಿಂದ 202ಕ್ಕೆ ಹೋಯಿತೆಂದರೆ ಬೀಳುವ ಹೊರೆ ಸಾವಿರ ರೂಪಾಯಿ ಮೀರುತ್ತದೆ.

ಹಾಗಾದರೆ ಬಿಸಿ ಇಲ್ಲದೆ ಕೊಳೆ ಹೋಗುತ್ತದೆಯೇ? 1959ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಹರ್ಬರ್ಟ್ ಸಿನ್ನರ್ ಇದಕ್ಕೆ ಒಳ್ಳೆಯ ಚೌಕಟ್ಟು ಕೊಟ್ಟರು. ಕೊಳೆ ತೆಗೆಯುವುದು ನಾಲ್ಕು ಸೇರಿ: ಶಾಖ, ಸೋಪಿನ ರಸಾಯನ, ಉಜ್ಜಾಟ, ಸಮಯ. ಒಂದನ್ನು ಕಡಿಮೆ ಮಾಡಿದರೆ ಉಳಿದವು ಅಷ್ಟನ್ನು ತುಂಬಿಕೊಡಬೇಕು. ಕಲ್ಲಿಗೆ ಬಡಿದು ಒಗೆದ ನಮ್ಮ ಅಜ್ಜಿಯರು ಶಾಖದ ಜಾಗಕ್ಕೆ ರಟ್ಟೆಯ ಬಲ ಹಾಕಿದರು. ನಾಲ್ಕರಲ್ಲಿ ದುಡ್ಡು ಕೇಳದೆ ಸಿಗುವುದು ಸಮಯ. ಸೋಪಿನ ಪುಡಿ ಕದಡಿದ ನೀರಲ್ಲಿ ಬಟ್ಟೆ ಮುಕ್ಕಾಲು ಗಂಟೆ ನೆನೆದರೆ ತಣ್ಣೀರಲ್ಲೂ ಅರ್ಧ ಕೆಲಸ ಮುಗಿದಿರುತ್ತದೆ.

ನಮ್ಮ ಕಡೆ ಶಾಖವೂ ಬಿಟ್ಟಿ ಸಿಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ಹೊತ್ತಿಗೆ ತಾರಸಿಯ ಕಪ್ಪು ಟ್ಯಾಂಕಿನ ನೀರು ಮುಟ್ಟಿದರೆ ಬೆಚ್ಚಗಿರುತ್ತದೆ. ನೀರು 35 ಡಿಗ್ರಿಯಲ್ಲೇ ಮಷಿನ್ನಿಗೆ ಇಳಿದರೆ 40ರ ಪ್ರೋಗ್ರಾಂನಲ್ಲಿ ಹೀಟರ್ ಏರಿಸಬೇಕಾದದ್ದು 15 ಡಿಗ್ರಿಯಲ್ಲ, ಬರೀ 5. ಅದೇ ಬೆಳಗಿನ ಜಾವ ಐದಕ್ಕೆ ಮಷಿನ್ ಹಾಕಿದರೆ ರಾತ್ರಿಯಿಡೀ ತಣಿದ ನೀರನ್ನು ಕರೆಂಟಿನಿಂದ ಕಾಯಿಸಿದಂತಾಯಿತು. ಬೆಳಗ್ಗೆಯೇ ಒಗೆದು ಮುಗಿಸಬೇಕೆಂಬ ರೂಢಿ ಬೇಸಿಗೆಯ ಮಟ್ಟಿಗಾದರೂ ಬಿಡುವುದು ಒಳ್ಳೆಯದು.

ಬೆಣ್ಣೆದೋಸೆಯ ಊರಿನಲ್ಲಿ ಅಂಗಿಯ ಮೇಲಿನ ಜಿಡ್ಡಿನ ಪ್ರಶ್ನೆ ಬಂದೇ ಬರುತ್ತದೆ. ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿಯಲ್ಲಿ. ತಣ್ಣೀರು ತಾಗಿದರೆ ಅದು ನೂಲಿನ ಸಂದಿಯಲ್ಲೇ ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ಇಡೀ ಡ್ರಮ್ಮಿನ ನೀರು ಕಾಯಿಸಬೇಕಿಲ್ಲ. ಬಟ್ಟೆ ಒಣಗಿದ್ದಾಗಲೇ ಕಲೆಯ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿಟ್ಟು, ಬೆರಳಿನಿಂದ ತಿಕ್ಕಿ, ಅರ್ಧ ಗಂಟೆ ಬಿಡಿ. ಸೋಪಿನ ಅಣುವಿಗೆ ಎರಡು ತುದಿ: ಒಂದು ಜಿಡ್ಡಿಗೆ ಅಂಟುತ್ತದೆ, ಇನ್ನೊಂದು ನೀರಿಗೆ. ಬಟ್ಟೆ ಮೊದಲೇ ಒದ್ದೆಯಾದರೆ ಸೋಪು ತೆಳುವಾಗಿ ಜಿಡ್ಡಿನ ಹತ್ತಿರ ಹೋಗುವುದೇ ಕಡಿಮೆ.

ಈಗಿನ ಬಹಳಷ್ಟು ಪುಡಿ, ಲಿಕ್ವಿಡ್‌ಗಳಲ್ಲಿ ಕಿಣ್ವಗಳೂ ಇವೆ. ಲೈಪೇಸ್ ಜಿಡ್ಡನ್ನು ಒಡೆಯುತ್ತದೆ, ಪ್ರೋಟಿಯೇಸ್ ಹಾಲು, ರಕ್ತ, ಬೆವರಿನ ಪ್ರೋಟೀನನ್ನು, ಅಮೈಲೇಸ್ ಗಂಜಿಯಂಥ ಪಿಷ್ಟವನ್ನು. ಬಟ್ಟೆ ಒಗೆಯಲು ಕಿಣ್ವ ಬಳಸುವ ಪೇಟೆಂಟ್ ಜರ್ಮನಿಯ ಒಟ್ಟೋ ರೋಮ್ ಹೆಸರಿಗೆ 1913ರಲ್ಲೇ ಆಯಿತು. ಕಿಣ್ವಕ್ಕೆ ಹದ ಬಿಸಿ ಸಾಕು. ನೀರು ಕುದಿಯುವಷ್ಟು ಕಾದರೆ ಕಿಣ್ವವೇ ಕೆಡುತ್ತದೆ, ರಕ್ತದ ಕಲೆಯೂ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ರೇಷ್ಮೆ ಸೀರೆ, ಚಳ್ಳಕೆರೆಯ ಕಂಬಳಿಗೆ ಮಾತ್ರ ಕಿಣ್ವದ ಪುಡಿ ಬೇಡ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನೇ. ಮನೆಯಲ್ಲಿ ಕಜ್ಜಿಯೋ ವಾಂತಿಭೇದಿಯೋ ಇದ್ದಾಗ ಹೊದಿಕೆ, ಒಳಉಡುಪುಗಳಿಗೆ 60 ಡಿಗ್ರಿ ಬಳಸಿ, ಅಲ್ಲಿ ಉಳಿತಾಯ ನೋಡಬಾರದು.

ನನ್ನ ಪ್ರಕಾರ ನಮ್ಮ ಜಿಲ್ಲೆಗಳಲ್ಲಿ ಬಟ್ಟೆಯ ನಿಜವಾದ ವೈರಿ ಬೋರಿನ ಗಡಸು ನೀರು. ಚಿತ್ರದುರ್ಗದ ಬಯಲಲ್ಲಿ ಆಳದ ಬಂಡೆಯಿಂದ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಒಪ್ಪಬಹುದಾದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಇಲ್ಲದಿದ್ದರೆ 600ರ ತನಕ. ಬಾರ್ ಸೋಪು ಇಂಥ ನೀರಿಗೆ ಬಿದ್ದರೆ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಬೂದು ಗಸಿಯಾಗುತ್ತದೆ. ನೊರೆ ಬರುವುದಿಲ್ಲ, ಬಿಳಿ ಪಂಚೆ ಮಂಕಾಗುತ್ತದೆ. ಕೊಳೆ ಹೋಗಿಲ್ಲವೆಂದು ನಾವು ಮತ್ತಷ್ಟು ಸೋಪು ಸುರಿಯುತ್ತೇವೆ, ಬಿಸಿನೀರು ಹಿಡಿಯುತ್ತೇವೆ. ಬಿಸಿ ಮಾಡಿದಾಗ ನೀರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಸುಣ್ಣದ ಕಾರ್ಬೊನೇಟ್ ಆಗಿ ಕಾಯಿಲಿನ ಮೇಲೆ ಬಿಳಿ ಚಕ್ಕೆಗಟ್ಟುತ್ತದೆ. ಆ ಚಕ್ಕೆ ದಪ್ಪವಾದಂತೆ ಶಾಖ ನೀರಿಗೆ ಬೇಗ ಇಳಿಯದೆ ಕಾಯಿಲೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ.

ಉಪಾಯ ಹಳೆಯದೇ. ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಲ್ಲಿ ನೆನೆಸಿ ಉಬ್ಬೆ ಹಾಕುತ್ತಿದ್ದರು, ಅಂದರೆ ಹಬೆಯಲ್ಲಿ ಬೇಯಿಸುತ್ತಿದ್ದರು. ಆ ಮಣ್ಣಿನಲ್ಲಿರುವ ಸೋಡಿಯಂ ಕಾರ್ಬೊನೇಟ್ ಇಂದು ಕಿರಾಣಿ ಅಂಗಡಿಯಲ್ಲಿ ಸಿಗುವ ವಾಷಿಂಗ್ ಸೋಡಾ. ಹತ್ತಿ ಬಟ್ಟೆಗೆ ಪುಡಿ ಹಾಕುವ ಮೊದಲು ಎರಡು ಚಮಚ ಸೋಡಾ ನೀರಲ್ಲಿ ಕರಗಿಸಿದರೆ ಅದು ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಸೋಪಿಗೆ ಕೊಳೆಯ ಕೆಲಸವಷ್ಟೇ ಉಳಿಯುತ್ತದೆ. ಅಂಟುವಾಳದ ನೊರೆ ಗಡಸು ನೀರಲ್ಲೂ ಗಸಿಯಾಗುವುದಿಲ್ಲ. ಪುಡಿಯ ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಸುರಿದರೆ ನೊರೆ ಡ್ರಮ್ ತುಂಬಿ ಬಟ್ಟೆಗಳು ಒಂದಕ್ಕೊಂದು ಉಜ್ಜುವುದೇ ನಿಲ್ಲುತ್ತದೆ, ಜಾಲಿಸಲು ಮತ್ತೆ ನೀರು ಬೇಕು.

ಒಣಗಿಸುವ ಖರ್ಚು ಕಾಯಿಸುವುದಕ್ಕಿಂತ ದೊಡ್ಡದು. ಬಟ್ಟೆಯಲ್ಲಿ ಉಳಿದ ಒಂದೊಂದು ಲೀಟರ್ ನೀರೂ ಆವಿಯಾಗಲು ಸುಮಾರು 2,400 ಕಿಲೋಜೌಲ್ ಬೇಕು, ಅಂದರೆ ಯೂನಿಟ್ಟಿನ ಮೂರರಲ್ಲಿ ಎರಡು ಪಾಲು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಇದನ್ನು ಪುಕ್ಕಟೆ ಮಾಡಿಕೊಡುವಾಗ ಡ್ರೈಯರ್ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಜಡಿಮಳೆಯ ದಿನಗಳಲ್ಲಿ ಸ್ಪಿನ್ ಜೋರಾಗಿ ಹಾಕಿ. ನಿಮಿಷಕ್ಕೆ 1,200 ಸುತ್ತಿನಲ್ಲಿ ಡ್ರಮ್ಮಿನ ಅಂಚಿಗೆ ಭೂಮಿಯ ಸೆಳೆತದ 350 ಪಟ್ಟಿಗಿಂತ ಹೆಚ್ಚಿನ ಬಲ ಬೀಳುತ್ತದೆ. ಹೀಗೆ ನೀರು ಹಿಂಡುವುದು ಆವಿ ಮಾಡುವುದಕ್ಕಿಂತ ಎಷ್ಟೋ ಅಗ್ಗ. ಆಮೇಲೆ ಬಟ್ಟೆ ಬಿಡಿಬಿಡಿಯಾಗಿ ಹರವಿ ಫ್ಯಾನ್ ಹಾಕಿದರೆ 75 ವ್ಯಾಟಿನ ಫ್ಯಾನ್ ಆರು ಗಂಟೆ ತಿರುಗಿದರೂ ಅರ್ಧ ಯೂನಿಟ್ ಆಗದು.

ಇನ್ನು ಇಸ್ತ್ರಿ. 1,000 ವ್ಯಾಟಿನ ಪೆಟ್ಟಿಗೆ ಬಿಡದೆ ಒಂದು ಗಂಟೆ ಕಾದರೆ ಒಂದು ಯೂನಿಟ್, ತಣ್ಣೀರಿನ ಒಗೆತಕ್ಕಿಂತ ನಾಲ್ಕು ಪಟ್ಟು. ಹತ್ತಿಯ ಅಂಗಿಯನ್ನು ತಂತಿಗೆ ಹಾಕುವ ಮುಂಚೆ ಎರಡು ಸಲ ಜಾಡಿಸಿ, ಕಾಲರ್, ಪಟ್ಟಿ ಎಳೆದು ನೇರ ಮಾಡಿ ಒಣಹಾಕಿ. ಮನೆಯಲ್ಲುಡುವ ಬಟ್ಟೆಗೆ ಇಸ್ತ್ರಿ ಬೇಕಾಗುವುದಿಲ್ಲ.