ಡ್ರೈ ಫ್ಲೈ ಟ್ರೌಟ್ ಮೀನುಗಾರಿಕೆಗೆ ರಾಡ್ ಆಯ್ಕೆ: ಮೊದಲ ಮೂವತ್ತು ಅಡಿಯ ಲೆಕ್ಕ

ಡ್ರೈ ಫ್ಲೈ ಹಾಕಿ ಟ್ರೌಟ್ ಹಿಡಿಯುವವರ ಬಹುಪಾಲು ಎಸೆತಗಳು ಇಪ್ಪತ್ತರಿಂದ ನಲವತ್ತು ಅಡಿಯೊಳಗೆ ಮುಗಿಯುತ್ತವೆ. ಅಂಗಡಿಗಳಲ್ಲಿ ಮಾತ್ರ ಎಪ್ಪತ್ತು, ಎಂಬತ್ತು ಅಡಿ ಎಸೆಯುವ ಶಕ್ತಿಯನ್ನು ಹಿಡಿದೇ ರಾಡಿನ ಗುಣಗಾನ ನಡೆಯುತ್ತದೆ. ಹೊಸದಾಗಿ ಕಲಿಯುವವರು ದಾರಿ ತಪ್ಪುವುದು ಇಲ್ಲೇ. ಹಾಗಾಗಿ ಈ ಟಿಪ್ಪಣಿಯನ್ನು ರಾಡಿನಿಂದಲ್ಲ, ಲೈನಿನಿಂದ ಆರಂಭಿಸುತ್ತೇನೆ.

ಡ್ರೈ ಫ್ಲೈ ಎಂದರೆ ಪುಕ್ಕ, ತುಪ್ಪಳ, ದಾರಗಳನ್ನು ಚಿಕ್ಕ ಕೊಕ್ಕೆಗೆ ಸುತ್ತಿ ಮಾಡಿದ, ನೀರಿನ ಮೇಲೆ ತೇಲುವ ಕೃತಕ ಹುಳು. ಅದಕ್ಕೆ ತೂಕವೇ ಇಲ್ಲ ಎನ್ನಬಹುದು. ಸಾಮಾನ್ಯ ಗಾಳದಲ್ಲಿ ತುದಿಯ ಸೀಸದ ಗುಂಡು ಹಾರುತ್ತದೆ, ದಾರ ಅದರ ಬೆನ್ನು ಹಿಡಿದು ಹೋಗುತ್ತದೆ. ಇಲ್ಲಿ ತೂಕವೆಲ್ಲ ದಪ್ಪನೆಯ ಲೈನಿನಲ್ಲೇ ಇದೆ. ಹಿಂದಕ್ಕೆ ಬೀಸಿದಾಗ ಆ ತೂಕ ರಾಡನ್ನು ಬಾಗಿಸುತ್ತದೆ. ಮುಂದಕ್ಕೆ ಬೀಸಿ ಕೈ ನಿಲ್ಲಿಸಿದಾಗ ರಾಡ್ ನೆಟ್ಟಗಾಗುತ್ತದೆ, ಲೈನ್ ಗಾಳಿಯಲ್ಲಿ ಮಡಿಕೆ ಬಿಚ್ಚಿಕೊಳ್ಳುತ್ತ ಹೋಗಿ, ತುದಿಗೆ ಬರುಬರುತ್ತ ತೆಳುವಾಗುವ ಲೀಡರ್ ಎಂಬ ನೈಲಾನ್ ಎಳೆಯನ್ನೂ ಹುಳುವನ್ನೂ ನೀರಿನ ಮೇಲೆ ಇಳಿಸುತ್ತದೆ. ಲೈನಿನ ತೂಕ ಸಾಲದಿದ್ದರೆ ರಾಡ್ ಬಾಗುವುದಿಲ್ಲ. ಬಾಗದ ರಾಡ್ ಎಸೆಯುವುದಿಲ್ಲ.

ರಾಡಿನ ಮೇಲೆ ಬರೆದಿರುವ 3, 4, 5 ಎಂಬ ಸಂಖ್ಯೆಗಳು ಈ ತೂಕವನ್ನೇ ಹೇಳುತ್ತವೆ. ಅಮೆರಿಕದ ಮೀನುಗಾರಿಕೆ ಸಾಮಗ್ರಿ ತಯಾರಕರ ಸಂಘ 1960ರ ಆಸುಪಾಸಿನಲ್ಲಿ ಹೊರತಂದ ಮಾನದಂಡದ ಪ್ರಕಾರ, ಲೈನಿನ ಮೊದಲ 30 ಅಡಿಯನ್ನು ತೂಗಿ ಸಂಖ್ಯೆ ಕೊಡಲಾಗುತ್ತದೆ. 3ನೇ ಸಂಖ್ಯೆಗೆ 100 ಗ್ರೇನ್, 4ಕ್ಕೆ 120, 5ಕ್ಕೆ 140, 6ಕ್ಕೆ 160. ಗ್ರಾಂ ಲೆಕ್ಕದಲ್ಲಿ 5ನೇ ಸಂಖ್ಯೆಯ ಲೈನಿನ ಮೊದಲ ಮೂವತ್ತು ಅಡಿಗೆ ಸುಮಾರು 9 ಗ್ರಾಂ.

ಈಗ ಗಮನಿಸಿ. ಮೀನು ಮೂವತ್ತು ಅಡಿ ದೂರದಲ್ಲಿದೆ, ಲೀಡರ್ ಒಂಬತ್ತು ಅಡಿ ಇದೆ ಎಂದಿಟ್ಟುಕೊಳ್ಳೋಣ. ರಾಡಿನ ಉದ್ದವನ್ನೂ ಕಳೆದರೆ, ತುದಿಯ ಉಂಗುರದಿಂದ ಹೊರಗಿರುವ ಲೈನ್ ಹದಿನೈದು ಅಡಿಯಷ್ಟೂ ಆಗದಿರಬಹುದು. ಲೈನಿನ ಮುಂಭಾಗ ತೆಳುವಾಗಿರುವುದರಿಂದ ಆ ಹದಿನೈದು ಅಡಿಯ ತೂಕ ಒಂಬತ್ತು ಗ್ರಾಂನ ಅರ್ಧಕ್ಕಿಂತಲೂ ಕಡಿಮೆ. 5 ಎಂದು ಬರೆದಿರುವ ರಾಡಿಗೆ ಆ ಗಳಿಗೆಯಲ್ಲಿ ಸಿಗುತ್ತಿರುವುದು 5ರ ತೂಕವಲ್ಲ. ಗಡುಸಾದ ರಾಡ್ ಇಷ್ಟು ಹಗುರ ತೂಕಕ್ಕೆ ಜಗ್ಗುವುದೇ ಇಲ್ಲ. ಕಲಿಯುವವನು ಆಗ ತೋಳಿನ ಬಲ ಹಾಕುತ್ತಾನೆ, ಲೈನ್ ರಪ್ಪನೆ ನೀರಿಗೆ ಬಡಿಯುತ್ತದೆ, ಮೀನು ಓಡಿಹೋಗುತ್ತದೆ. ತಪ್ಪು ಅವನ ಕೈಯದಲ್ಲ, ರಾಡಿನದು.

ರಾಡ್ ಎಲ್ಲಿ ಬಾಗುತ್ತದೆ

ತುದಿಯ ಭಾಗ ಮಾತ್ರ ಬಾಗಿ ಉಳಿದದ್ದು ನೆಟ್ಟಗಿದ್ದರೆ ಅದು ಫಾಸ್ಟ್ ಆ್ಯಕ್ಷನ್. ನಡುವಿನವರೆಗೆ ಬಾಗಿದರೆ ಮೀಡಿಯಂ. ಹಿಡಿಯವರೆಗೂ ಬಾಗಿದರೆ ಸ್ಲೋ. ಡ್ರೈ ಫ್ಲೈಗೆ ನನ್ನ ಮತ ಮೀಡಿಯಂ ಮತ್ತು ಮೀಡಿಯಂ ಫಾಸ್ಟ್ ರಾಡುಗಳಿಗೆ. ಸ್ಲೋ ರಾಡ್ ಹತ್ತಿರದ ಎಸೆತದಲ್ಲಿ ಸುಖ ಕೊಡುತ್ತದೆ ನಿಜ, ಆದರೆ ಅದರ ಮಡಿಕೆ ಅಗಲವಾಗಿ ತೆರೆದುಕೊಳ್ಳುವುದರಿಂದ ಎದುರುಗಾಳಿ ಬಂದಾಗ ಸೋಲುತ್ತದೆ. ಒದ್ದೆಯಾದ ಹುಳುವನ್ನು ಒಣಗಿಸಲು ನೀರಿಗೆ ಬಿಡದೆ ಗಾಳಿಯಲ್ಲೇ ಎರಡು ಮೂರು ಸಲ ಹಿಂದೆ ಮುಂದೆ ಬೀಸಬೇಕಾಗುತ್ತದೆ. ಬೀಸಿದ ಮೇಲೆ ತುದಿ ಅಲುಗಾಡುತ್ತಲೇ ಇರುವ ರಾಡಿನಲ್ಲಿ ಗುರಿ ಕೆಡುತ್ತದೆ.

ಮೀಡಿಯಂ ರಾಡಿನ ಪರವಾಗಿ ಇನ್ನೊಂದು ಕಾರಣವಿದೆ. ನನಗೆ ಇದು ಎಸೆತಕ್ಕಿಂತಲೂ ಮುಖ್ಯ. ಲೀಡರಿನ ಕೊನೆಯ ತೆಳು ಎಳೆಗೆ ಟಿಪ್ಪೆಟ್ ಎನ್ನುತ್ತಾರೆ. ಅದರ ದಪ್ಪವನ್ನು ಎಕ್ಸ್ ಸಂಖ್ಯೆಯಿಂದ ಗುರುತಿಸುತ್ತಾರೆ. ಹನ್ನೊಂದರಿಂದ ಆ ಸಂಖ್ಯೆ ಕಳೆದರೆ ಇಂಚಿನ ಸಾವಿರದ ಅಂಶಗಳಲ್ಲಿ ದಪ್ಪ ಸಿಗುತ್ತದೆ. 5ಎಕ್ಸ್ ಎಂದರೆ 0.006 ಇಂಚು, ಅಂದರೆ 0.15 ಮಿಲಿಮೀಟರ್. 6ಎಕ್ಸ್ ಎಂದರೆ 0.005 ಇಂಚು. ಕೊಕ್ಕೆಯ ಸಂಖ್ಯೆಯನ್ನು (ಸಂಖ್ಯೆ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು) ಮೂರರಿಂದ ಭಾಗಿಸಿದರೆ ಯಾವ ಟಿಪ್ಪೆಟ್ ಬೇಕೆಂಬ ಅಂದಾಜು ಬರುತ್ತದೆ: 16ರ ಕೊಕ್ಕೆಗೆ 5ಎಕ್ಸ್, 18ಕ್ಕೆ 6ಎಕ್ಸ್. ಮೀನು ಹುಳುವನ್ನು ಬಾಯಿಗೆ ಹಾಕಿಕೊಂಡ ಕೂಡಲೇ ನಾವು ರಾಡ್ ಎತ್ತುತ್ತೇವೆ. ಅದೇ ಕ್ಷಣದಲ್ಲಿ ಒಂದು ಕಿಲೋ ತೂಗುವ ಬ್ರೌನ್ ಟ್ರೌಟ್ ತಲೆ ಕೊಡವಿ ಕೆಳಗೆ ನುಗ್ಗುತ್ತದೆ. ಎರಡು ಸೆಳೆತಗಳ ನಡುವೆ ಸಿಕ್ಕಿದ ಆ ಎಳೆಯನ್ನು ಉಳಿಸುವುದು ರಾಡಿನ ಮೃದುವಾದ ತುದಿ ಮಾತ್ರ. ತುದಿ ಗಡುಸಾಗಿದ್ದರೆ ಟಿಪ್ಪೆಟ್ ಹರಿದು, ಕೊಕ್ಕೆ ಮೀನಿನ ಬಾಯಲ್ಲೇ ಉಳಿಯುತ್ತದೆ.

ಯಾವ ನೀರು?

ಉದ್ದವನ್ನು ಹೊಳೆಯೇ ತೀರ್ಮಾನಿಸಲಿ. ಇಂಗ್ಲೆಂಡಿನ ಎರಡು ಬಗೆಯ ನೀರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ.

ಹ್ಯಾಂಪ್‌ಶೈರಿನ ಟೆಸ್ಟ್ ಮತ್ತು ಇಚೆನ್ ನದಿಗಳು ಸೀಮೆಸುಣ್ಣದ ಕಲ್ಲಿನ ಪದರಗಳಿಂದ ಒಸರುವ ಒರತೆಯ ನೀರಿನವು. ತಳದ ಪ್ರತಿಯೊಂದು ಕಲ್ಲೂ ಕಾಣುವಷ್ಟು ತಿಳಿ. 19ನೇ ಶತಮಾನದ ಕೊನೆಯಲ್ಲಿ ಫ್ರೆಡರಿಕ್ ಹಾಲ್ಫರ್ಡ್ ಮತ್ತು ಸಂಗಡಿಗರು ಡ್ರೈ ಫ್ಲೈ ವಿಧಾನಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ರೂಪಿಸಿದ್ದು ಈ ಸೀಮೆಯಲ್ಲೇ: ಮೇಲೆದ್ದು ಹುಳು ತಿನ್ನುವ ಮೀನನ್ನು ಕಣ್ಣಾರೆ ಕಂಡ ಮೇಲೆ, ಅದರ ಹಿಂದೆ ನಿಂತು, ಹರಿವಿನ ಎದುರಿಗೆ ಎಸೆಯಬೇಕು. ಈ ನದಿಗಳ ತಳದಲ್ಲಿ ಜಲಸಸ್ಯಗಳು ಉದ್ದುದ್ದ ಪಟ್ಟಿಗಳಾಗಿ ಬೆಳೆದಿರುತ್ತವೆ; ಪಟ್ಟಿಗಳ ನಡುವಿನ ಕಾಲುವೆಯಲ್ಲಿ ನೀರು ಬಿರುಸು, ಅವುಗಳ ಮೇಲೆ ನಿಧಾನ. ಲೈನ್ ಇವುಗಳಿಗೆ ಅಡ್ಡಲಾಗಿ ಬಿದ್ದರೆ ಬಿರುಸಿನ ನೀರು ಅದನ್ನು ಬಿಲ್ಲಿನಂತೆ ಬಗ್ಗಿಸುತ್ತದೆ, ಹುಳು ಎಳೆತಕ್ಕೆ ಸಿಕ್ಕಿ ನೀರಿನ ಮೇಲೆ ಸಣ್ಣ ಗೆರೆ ಕೊರೆಯುತ್ತದೆ. ನಿಜವಾದ ಹುಳು ಹಾಗೆ ಚಲಿಸುವುದಿಲ್ಲ. ಮೂಗಿನ ಹತ್ತಿರದವರೆಗೆ ಬಂದ ಟ್ರೌಟ್ ಆ ಗೆರೆ ಕಂಡು ಮೆಲ್ಲನೆ ಹಿಂದೆ ಸರಿಯುತ್ತದೆ. ಇದನ್ನು ತಪ್ಪಿಸಲು ಲೈನನ್ನು ಆದಷ್ಟು ನೀರಿನಿಂದ ಮೇಲೆತ್ತಿ ಹಿಡಿಯಬೇಕು, ಬಿದ್ದದ್ದನ್ನು ಪ್ರವಾಹದ ಮೇಲ್ಭಾಗಕ್ಕೆ ಮಗುಚಿ ಹಾಕಬೇಕು. ಎರಡಕ್ಕೂ ಉದ್ದದ ರಾಡ್ ಬೇಕು. ನೀರಿಗಿಳಿಯಲು ಹಲವು ಕಡೆ ಅನುಮತಿ ಇಲ್ಲದ್ದರಿಂದ ದಡದ ಎತ್ತರದ ಹುಲ್ಲನ್ನು ದಾಟಿಸಿ ಎಸೆಯಬೇಕಾಗುವುದೂ ಉಂಟು. ಎಂಟೂವರೆಯಿಂದ ಒಂಬತ್ತು ಅಡಿ, 4ನೇ ಸಂಖ್ಯೆ ಇಲ್ಲಿಗೆ ಹೊಂದುತ್ತದೆ. ಮೇ ಕೊನೆಯಿಂದ ಜೂನ್ ಮೊದಲ ವಾರಗಳವರೆಗೆ ದೊಡ್ಡ ಮೇಫ್ಲೈ ಹುಳುಗಳು ಏಳುವ ಕಾಲಕ್ಕೆ ಮಾತ್ರ 5 ಒಳ್ಳೆಯದು. 10ರ ಕೊಕ್ಕೆಯ ಮೇಲೆ ಕಟ್ಟಿದ ಆ ಪೊದೆಪೊದೆಯಾದ ಹುಳು ಗಾಳಿಯನ್ನು ತಡೆಯುತ್ತದೆ. ಹಗುರ ಲೈನಿಗೆ ಅದನ್ನು ಪೂರ್ತಿ ಮಗುಚುವ ಕಸುವಿಲ್ಲ.

ಡೆವನ್ನಿನ ಡಾರ್ಟ್‌ಮೂರ್ ತೊರೆಗಳದು ಬೇರೆಯೇ ಲೋಕ. ಬಂಡೆಗಳ ನಡುವೆ ಧುಮುಕುವ ನೀರು, ಎಷ್ಟೋ ಕಡೆ ತಲೆಯ ಮೇಲೆ ಬಾಗಿದ ಓಕ್ ಕೊಂಬೆಗಳು, ಗೇಣುದ್ದದ ಚುರುಕಾದ ಬ್ರೌನ್ ಟ್ರೌಟ್. ಒಂಬತ್ತು ಅಡಿಯ ರಾಡ್ ಇಲ್ಲಿ ಕೊಂಬೆಗಳಿಗೆ ಸಿಕ್ಕಿಕೊಳ್ಳುತ್ತದೆ. ಏಳರಿಂದ ಏಳೂವರೆ ಅಡಿಯ, 3ನೇ ಸಂಖ್ಯೆಯ, ಹತ್ತಡಿ ಲೈನಿಗೇ ಬಾಗುವ ರಾಡ್ ಬೇಕು. ಫೈಬರ್ ಗ್ಲಾಸ್ ರಾಡುಗಳು ಹಳೆಯವು, ಭಾರದವು ಎಂದು ತಳ್ಳಿಹಾಕುವವರಿದ್ದಾರೆ. ಇಂಥ ತೊರೆಗೆ ಅವುಗಳಷ್ಟು ಒಪ್ಪುವ ವಸ್ತು ಇನ್ನೊಂದಿಲ್ಲ ಎಂದು ನನ್ನ ದೃಢವಾದ ನಂಬಿಕೆ. ಚೀನಾದ ಟೊಂಕಿನ್ ಬಿದಿರನ್ನು ಆರು ಸೀಳುಗಳಾಗಿ ಹೆರೆದು ಅಂಟಿಸಿದ ರಾಡುಗಳೂ ಸೊಗಸೇ, ಬೆಲೆ ಮಾತ್ರ ಕಲಿಯುವವರ ಕೈಗೆಟುಕುವುದಿಲ್ಲ. 1970ರ ದಶಕದಲ್ಲಿ ಬಂದ ಕಾರ್ಬನ್ ರಾಡುಗಳೇ ಈಗ ಎಲ್ಲೆಡೆ ಸಿಗುತ್ತವೆ, ಉದ್ದದ ರಾಡಿಗೆ ಅವೇ ಸರಿ.

ಅಮೆರಿಕದ ಮೊಂಟಾನಾದ ಮ್ಯಾಡಿಸನ್‌ನಂಥ ಅಗಲವಾದ, ಗಾಳಿ ಬೀಸುವ ನದಿಗೆ ಒಂಬತ್ತು ಅಡಿ, 5 ಅಥವಾ 6. ಫಾಸ್ಟ್ ರಾಡ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಅಲ್ಲಿ.

ನಮ್ಮಲ್ಲಿ ಟ್ರೌಟ್ ಹುಡುಕುವವರು ಹಿಮಾಚಲದ ತೀರ್ಥನ್ ಕಣಿವೆಗೋ ಕಾಶ್ಮೀರಕ್ಕೋ ಹೋಗುತ್ತಾರೆ; ಕರ್ನಾಟಕಕ್ಕೆ ಹತ್ತಿರವೆಂದರೆ ನೀಲಗಿರಿ. ಎಲ್ಲವೂ ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ಮೀನುಗಳ ಸಂತತಿ. ತೀರ್ಥನ್‌ನಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ನವೆಂಬರಿನಿಂದ ಫೆಬ್ರುವರಿವರೆಗೆ ಮೀನು ಹಿಡಿಯುವಂತಿಲ್ಲ. ನೀರು ಬಿರುಸು, ಬಂಡೆಗಳ ಹಿಂದಿನ ಶಾಂತ ಮಡುಗಳಲ್ಲಿ ಮೀನು. ಹುಳು ಮೇಲೇಳದ ದಿನ ನೀರೊಳಗೆ ಮುಳುಗುವ ನಿಂಫ್ ಹಾಕಬೇಕಾಗುತ್ತದೆ. ಒಂದೇ ರಾಡ್ ಎಲ್ಲಕ್ಕೂ ಆಗಬೇಕೆಂದರೆ ಒಂಬತ್ತು ಅಡಿಯ, 5ನೇ ಸಂಖ್ಯೆಯ ಮೀಡಿಯಂ ಫಾಸ್ಟ್ ರಾಡ್ ಕೊಳ್ಳಿ. ನಾಲ್ಕು ತುಂಡುಗಳದ್ದಾದರೆ ಬಿಚ್ಚಿದಾಗ ಸುಮಾರು ಮುಕ್ಕಾಲು ಮೀಟರ್ ಉದ್ದವಿದ್ದು ಬಸ್ಸಿನಲ್ಲೂ ವಿಮಾನದಲ್ಲೂ ಒಯ್ಯಲು ಸುಲಭ.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ಬರಿಯ ರಾಡನ್ನು ಹಿಡಿದು ಅಲ್ಲಾಡಿಸಿದರೆ ಏನೂ ತಿಳಿಯುವುದಿಲ್ಲ. ರೀಲ್, ಲೈನ್, ಒಂಬತ್ತು ಅಡಿಯ ಲೀಡರ್ ಹಾಕಿಸಿ, ತುದಿಗೆ ಉಣ್ಣೆಯ ಚಿಕ್ಕ ಚೂರು ಕಟ್ಟಿ, ಹೊರಗೆ ಹುಲ್ಲಿನ ಮೇಲೆ ಇಪ್ಪತ್ತೈದು ಅಡಿ ದೂರಕ್ಕೆ ಒಂದು ತಟ್ಟೆಯಿಟ್ಟು ಎಸೆಯಿರಿ. ತೋಳಿನ ಬಲವಿಲ್ಲದೆ ಲೀಡರ್ ಪೂರ್ತಿ ಬಿಚ್ಚಿಕೊಂಡು, ಉಣ್ಣೆ ಲೈನಿಗಿಂತ ಮುಂದೆ ಇಳಿಯಬೇಕು. ಆಮೇಲೆ ಹದಿನೆಂಟು ಅಡಿಗೆ ಬನ್ನಿ, ಅನಂತರ ನಲವತ್ತಕ್ಕೆ ಹೋಗಿ. ಮೂರರಲ್ಲೂ ನಡೆದುಕೊಂಡರೆ ಆ ರಾಡ್ ನಿಮ್ಮದು. ಹದಿನೆಂಟರಲ್ಲಿ ಮಾತ್ರ ಮೊಂಡುತನ ಮಾಡಿದರೆ ಒಂದು ಸಂಖ್ಯೆ ಮೇಲಿನ ಲೈನ್ ಹಾಕಿ ನೋಡಿ. ಅದಕ್ಕೆ ಮುನ್ನ ಲೈನಿನ ಪೊಟ್ಟಣದ ಮೇಲೆ ಗ್ರೇನ್ ಲೆಕ್ಕವನ್ನು ಓದಿಕೊಳ್ಳಿ. ಈಚೆಗೆ ಎಷ್ಟೋ ತಯಾರಕರು ಗಡುಸಾದ ರಾಡುಗಳಿಗೆಂದು ಮಾನದಂಡಕ್ಕಿಂತ ಅರ್ಧ ಸಂಖ್ಯೆ, ಕೆಲವೊಮ್ಮೆ ಇಡೀ ಒಂದು ಸಂಖ್ಯೆ ಹೆಚ್ಚು ತೂಕದ ಲೈನ್ ಮಾರುತ್ತಾರೆ; ನೀವು 5 ಎಂದುಕೊಂಡು ಎಸೆದದ್ದು ಆಗಲೇ 6 ಆಗಿರಬಹುದು.