ಇತಿಹಾಸ ಓದಿದ ಮೂವರು ಅಧ್ಯಕ್ಷರು, ಒಂದು ಸಾಲದ ಕಥೆ

1965ರ ನವೆಂಬರ್ 8ರಂದು ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಸ್‌ನ ಸ್ಯಾನ್ ಮಾರ್ಕೋಸ್‌ಗೆ ಹೋದರು. ತಾವು ಓದಿದ ಕಾಲೇಜಿನಲ್ಲೇ ಕೂತು ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಸರ್ಕಾರದ ಜಾಮೀನಿನ ಮೇಲೆ ವಿದ್ಯಾರ್ಥಿಗಳಿಗೆ ಬ್ಯಾಂಕ್ ಸಾಲ ಸಿಗುವಂತೆ ಮಾಡಿದ್ದು ಇದೇ ಕಾಯ್ದೆ. ಜಾನ್ಸನ್ ಆ ಕಾಲೇಜಿನಲ್ಲಿ ಕಸ ಗುಡಿಸಿ ಓದಿದವರು. ನಡುವೆ ಓದು ನಿಲ್ಲಿಸಿ ಕೊಟುಲಾ ಎಂಬ ಊರಿನಲ್ಲಿ ಬಡ ಮೆಕ್ಸಿಕನ್ ಮಕ್ಕಳಿಗೆ ಮೇಷ್ಟರಾಗಿದ್ದವರು. 1930ರಲ್ಲಿ ಅವರ ಕೈಗೆ ಬಂದದ್ದು ಇತಿಹಾಸದ ಡಿಗ್ರಿ.

ಇವತ್ತು ಅಮೆರಿಕದಲ್ಲಿ ಮಗಳು ಇತಿಹಾಸ ಓದುತ್ತೇನೆ ಅಂದರೆ ಅಪ್ಪ ಅಮ್ಮ ಮೊದಲು ಕೇಳುವುದು, "ಆ ಸಂಬಳದಲ್ಲಿ ಸಾಲ ತೀರುತ್ತಾ?" ಕೇಳಬೇಕಾದ ಪ್ರಶ್ನೆಯೇ. ಆದರೆ ಇದು ಹುಟ್ಟಿದ್ದು ಇತಿಹಾಸ ಎಂಬ ವಿಷಯದಿಂದಲ್ಲ, ಓದಿನ ಖರ್ಚು ಯಾರ ಹೆಗಲಿಗೆ ಬಿತ್ತು ಎನ್ನುವುದರಿಂದ. ಹಾಗಂತ ನನಗೆ ಬಲವಾಗಿ ಅನಿಸುತ್ತದೆ.

ಮೊದಲ ಸರ್ಕಾರಿ ಸಾಲ ಬಂದದ್ದು ಭಯದಿಂದ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಎಂಬ ಉಪಗ್ರಹ ಹಾರಿಸಿತು. ಅಮೆರಿಕ ಬೆಚ್ಚಿಬಿತ್ತು. ಮರುವರ್ಷವೇ ಕಾಯ್ದೆ ಮಾಡಿ, ವರ್ಷಕ್ಕೆ 1,000 ಡಾಲರ್‌ವರೆಗೆ 3% ಬಡ್ಡಿಗೆ ಸಾಲ ಕೊಡಲು ಶುರು ಮಾಡಿತು. ವಿಜ್ಞಾನ, ಗಣಿತ ಓದುವವರಿಗೆ ಆದ್ಯತೆ ಇತ್ತು, ಸರಿ. ಆದರೆ ಸರ್ಕಾರಿ ಶಾಲೆಯಲ್ಲಿ 5 ವರ್ಷ ಪಾಠ ಹೇಳಿದರೆ ಅರ್ಧ ಸಾಲ ಮನ್ನಾ ಆಗುತ್ತಿತ್ತು. ಇತಿಹಾಸ ಓದಿ ಮೇಷ್ಟರಾಗುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿತ್ತಾ?

ಆಗ ಸಾಲವೇ ಬೇಡದ ಜಾಗಗಳೂ ಇದ್ದವು. ಕ್ಯಾಲಿಫೋರ್ನಿಯಾ ತನ್ನ ರಾಜ್ಯದ ಮಕ್ಕಳಿಗೆ ಬೋಧನಾ ಶುಲ್ಕ ಇರಬಾರದು ಎಂದು 1960ರ ಯೋಜನೆಯಲ್ಲಿ ಮತ್ತೊಮ್ಮೆ ಹೇಳಿತ್ತು. 1967ರಲ್ಲಿ ಗವರ್ನರ್ ಆಗಿ ಬಂದ ರೊನಾಲ್ಡ್ ರೇಗನ್ ಇದನ್ನು ಒಪ್ಪಲಿಲ್ಲ. ಓದಿನ ಕುತೂಹಲಕ್ಕೆ ತೆರಿಗೆದಾರರು ದುಡ್ಡು ಕೊಡಬಾರದು ಎಂದರು. ನನ್ನ ಲೆಕ್ಕದಲ್ಲಿ ಈ ಕಥೆ ತಿರುಗಿದ್ದು ಇಲ್ಲೇ. ಓದು ಎಲ್ಲರ ಸ್ವತ್ತಲ್ಲ, ಓದುವವನ ಲಾಭ, ಹಾಗಾಗಿ ಅವನೇ ಕಟ್ಟಲಿ ಎಂಬ ಮಾತಿಗೆ ಆಮೇಲೆ ಬಲ ಬರುತ್ತಾ ಹೋಯಿತು.

ಮಕ್ಕಳ ಮನಸ್ಸೂ ಬದಲಾಯಿತು. ಅಮೆರಿಕದಲ್ಲಿ ಕಾಲೇಜಿಗೆ ಹೊಸದಾಗಿ ಸೇರುವವರನ್ನು 1966ರಿಂದ ಪ್ರತಿವರ್ಷ ಪ್ರಶ್ನೆ ಕೇಳುವ ಒಂದು ಸಮೀಕ್ಷೆ ಇದೆ. 60ರ ದಶಕದಲ್ಲಿ 80%ಗಿಂತ ಜಾಸ್ತಿ ಮಂದಿ ಬದುಕಿಗೆ ಅರ್ಥ ಕಂಡುಕೊಳ್ಳುವುದು ಮುಖ್ಯ ಅಂದಿದ್ದರು. ಚೆನ್ನಾಗಿ ದುಡ್ಡು ಮಾಡುವುದು ಮುಖ್ಯ ಅಂದವರು ಅರ್ಧಕ್ಕಿಂತ ಕಡಿಮೆ. 80ರ ದಶಕದ ಹೊತ್ತಿಗೆ ಎರಡೂ ಅದಲು ಬದಲಾದವು. 1971ರಲ್ಲಿ ಇತಿಹಾಸದ ಡಿಗ್ರಿ ಪಡೆದವರು 44 ಸಾವಿರ ದಾಟಿದ್ದರು. 1986ರಲ್ಲಿ ಬರೀ 16 ಸಾವಿರ ಚಿಲ್ಲರೆ.

ಇತ್ತ ಸಾಲದ ಗಂಟು ಬಿಗಿಯಾಗುತ್ತಾ ಬಂತು. ಮೊದಲೆಲ್ಲ ದಿವಾಳಿಯಾದರೆ ಬೇರೆ ಸಾಲಗಳ ಜೊತೆ ಓದಿನ ಸಾಲವೂ ಹೋಗುತ್ತಿತ್ತು. 1976ರಲ್ಲಿ ಅದಕ್ಕೆ 5 ವರ್ಷ ಕಾಯಬೇಕು ಎಂದಾಯಿತು. 1998ರಲ್ಲಿ ಆ ದಾರಿಯೂ ಹೆಚ್ಚುಕಡಿಮೆ ಮುಚ್ಚಿತು. 2005ರಲ್ಲಿ ಖಾಸಗಿ ಸಾಲಕ್ಕೂ ಅದೇ ಗತಿ. ಆ ವರ್ಷದ ಕಾಯ್ದೆಗೆ ಸಹಿ ಹಾಕಿದ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್, ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವರು. ಅದರ ಪರ ಮತ ಹಾಕಿದ ಸೆನೆಟರ್ ಜೋ ಬೈಡನ್ ಕೂಡ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ರಾಜಕೀಯ ಶಾಸ್ತ್ರ ಓದಿದವರೇ.

ಬುಷ್ 2007ರಲ್ಲಿ ಇನ್ನೊಂದು ಕಾಯ್ದೆಗೂ ಸಹಿ ಹಾಕಿದರು. ಸರ್ಕಾರಿ ಅಥವಾ ಸೇವಾ ಸಂಸ್ಥೆಯ ಕೆಲಸದಲ್ಲಿದ್ದು 120 ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ. ಶಾಲೆ, ಮ್ಯೂಸಿಯಂ, ದಾಖಲೆ ಭಂಡಾರಗಳಲ್ಲಿ ಕೆಲಸ ಮಾಡುವ ಇತಿಹಾಸದವರಿಗೆ ಇದು ದೊಡ್ಡ ಆಸರೆ. ಆದರೆ ಮೊದಲ ವರ್ಷಗಳಲ್ಲಿ ಬಂದ ಅರ್ಜಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ತಿರಸ್ಕಾರವಾದವು. ಹತ್ತು ವರ್ಷ ಕಂತು ಕಟ್ಟಿ, ಕೊನೆಗೆ "ನಿಮ್ಮ ಸಾಲದ ಬಗೆ ಸರಿಯಿಲ್ಲ" ಅನ್ನಿಸಿಕೊಂಡವರ ಹೊಟ್ಟೆಯುರಿ ಊಹಿಸಿ. ನಿಯಮ ಸಡಿಲಿಸಿದ ಮೇಲೆ, 2024ರ ಹೊತ್ತಿಗೆ, 10 ಲಕ್ಷಕ್ಕೂ ಹೆಚ್ಚು ಮಂದಿಗೆ ಮನ್ನಾ ಸಿಕ್ಕಿತು.

2008ರ ಆರ್ಥಿಕ ಕುಸಿತದಲ್ಲಿ ರಾಜ್ಯಗಳು ಕಾಲೇಜುಗಳ ಅನುದಾನ ಕಡಿದವು, ಫೀಸು ಏರಿತು. 2011ರಿಂದ 2017ರೊಳಗೆ ಇತಿಹಾಸದ ಡಿಗ್ರಿಗಳು ಸುಮಾರು ಮೂರನೇ ಒಂದು ಭಾಗ ಕುಸಿದವು.

ಲೆಕ್ಕವನ್ನೂ ನೋಡೋಣ. 27,000 ಡಾಲರ್ ಸಾಲ, 5.5% ಬಡ್ಡಿ, 10 ವರ್ಷ ಅಂದರೆ ತಿಂಗಳ ಕಂತು ಸುಮಾರು 293 ಡಾಲರ್. ಎಂಜಿನಿಯರಿಂಗ್ ಓದಿದವನಿಗೂ ಇಷ್ಟೇ, ಇತಿಹಾಸ ಓದಿದವಳಿಗೂ ಇಷ್ಟೇ. ವಿಷಯ ನೋಡಿ ಕಂತು ಇಳಿಯುವುದಿಲ್ಲ. ಎಂಜಿನಿಯರ್‌ಗೆ ಮೊದಲ ಸಂಬಳವೇ ದೊಡ್ಡದು. ಇತಿಹಾಸದವರ ಸಂಬಳ ನಿಧಾನವಾಗಿ ಏರುತ್ತದೆ. ಕಾನೂನು, ಆಡಳಿತದ ಕಡೆ ಹೋದವರದ್ದು ನಲವತ್ತರ ಹೊತ್ತಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಕಂತು ನಲವತ್ತರವರೆಗೆ ಕಾಯುವುದಿಲ್ಲ, ಅಲ್ವಾ? ಮೊದಲ ವರ್ಷದ ಸಂಬಳಕ್ಕಿಂತ ಒಟ್ಟು ಸಾಲ ಕಡಿಮೆ ಇರಲಿ ಎಂದು ಅಲ್ಲಿನ ಸಲಹೆಗಾರರು ಹೇಳುವುದು ಇದಕ್ಕೇ. ತಂದೆ ತಾಯಿಯ ಹೆಸರಿನ ಸಾಲ, ಖಾಸಗಿ ಸಾಲ, ಮಾಸ್ಟರ್ಸ್ ಸಾಲ ಸೇರಿದಾಗಲೇ ಈ ಅಂದಾಜು ಕೈತಪ್ಪುವುದು.

ಅಧ್ಯಕ್ಷರಾದ ಬೈಡನ್ 2022ರಲ್ಲಿ 10,000 ಡಾಲರ್, ಬಡ ವಿದ್ಯಾರ್ಥಿಗಳಾಗಿದ್ದವರಿಗೆ 20,000 ಡಾಲರ್‌ವರೆಗೆ ಮನ್ನಾ ಘೋಷಿಸಿದರು. 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು.

2025ರ ಕಾಯ್ದೆ ಇನ್ನೂ ನೇರ. ಒಂದು ಕೋರ್ಸ್ ಮುಗಿಸಿದವರ ನಾಲ್ಕು ವರ್ಷದ ನಂತರದ ಗಳಿಕೆ, ಬರೀ ಹೈಸ್ಕೂಲ್ ಓದಿದವರಿಗಿಂತ ಕಡಿಮೆ ಇದ್ದರೆ, ಮೂರರಲ್ಲಿ ಎರಡು ವರ್ಷ ಹಾಗಾದರೆ, ಆ ಕೋರ್ಸಿಗೆ ಸರ್ಕಾರಿ ಸಾಲ ಇಲ್ಲ. ಕಳಪೆ ಕೋರ್ಸುಗಳಿಂದ ಮಕ್ಕಳನ್ನು ಉಳಿಸಲು ಇದು ಬೇಕೇ ಬೇಕು ಎಂದು ಒಪ್ಪುತ್ತೇನೆ. ಆದರೆ ಸಣ್ಣ ಊರಿನ ಮ್ಯೂಸಿಯಂನಲ್ಲಿ ಕೆಲಸ ಮಾಡುವವಳ ಸಂಬಳ ಕಡಿಮೆ ಅಂದ ಮಾತ್ರಕ್ಕೆ ಅವಳ ಓದು ಕಳಪೆ ಅನ್ನುವುದನ್ನು ಒಪ್ಪಲಾರೆ.

ಅಲ್ಲಿರುವ ನಮ್ಮ ಕನ್ನಡದ ಮನೆಗಳಿಗೆ ಇನ್ನೊಂದು ತೊಡಕಿದೆ. ಮಕ್ಕಳು ಅಲ್ಲಿನ ಪ್ರಜೆಗಳಾಗಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಸರ್ಕಾರಿ ಸಾಲ ಸಿಗುತ್ತದೆ. ಚಿಕ್ಕಂದಿನಲ್ಲೇ ಹೋಗಿ, ಅಲ್ಲೇ ಶಾಲೆ ಓದಿ, ಇನ್ನೂ ಎಚ್-4 ವೀಸಾದಲ್ಲೇ (ಕೆಲಸದ ವೀಸಾದಲ್ಲಿರುವವರ ಮನೆಯವರಿಗೆ ಕೊಡುವ ವೀಸಾ) ಇರುವ ಮಕ್ಕಳಿಗೆ ಸಿಗುವುದಿಲ್ಲ. ಇಲ್ಲಿಂದ ಮಾಸ್ಟರ್ಸ್‌ಗೆ ಹೋಗುವವರಿಗೂ ಅಷ್ಟೇ. ಅವರ ಪಾಲಿಗೆ 120 ಕಂತಿನ ಮನ್ನಾವೂ ಇಲ್ಲ. ಊರಿನ ಬ್ಯಾಂಕು, ಅಪ್ಪನ ಮನೆ ಪತ್ರ ಇಷ್ಟೇ.